ಅತ್ತೆಯ ಮಣೆ

೧೪ ಆಗಸ್ಟ್ ೧೯೭೩, ಮಂಗಳವಾರ, ಭಾಂಡುಪ್

ಬೆರಳು ಇನ್ನೂ ಜುಮುಗುಡುತ್ತಿದೆ. ಚಿಮಣಿ ಎಣ್ಣೆ ಸಿಗದೆ ತಂದ ಕರೆಂಟ್ ಒಲೆ. ಬೆಳಿಗ್ಗೆ ಸ್ವಿಚ್ ಆರಿಸದೆ ಪಾತ್ರೆಗೆ ಕೈಹಾಕಿದೆ. ಹಸಿ ನೆಲ, ಬರಿಗಾಲು, ಶಾಕ್ ಹೊಡೆಯಿತು.

ಇವರು ರೇಗಿದರು: "ರಬ್ಬರ್ ಚಪ್ಪಲಿ ಹಾಕ್ಕೊಂಡ ಅಡಿಗಿ ಮಾಡಂತ ಎಷ್ಟ ಸಲ ಹೇಳ್ಲಿ?"

ಅತ್ತೆಯ ಎದುರು, ಒಲೆಯ ಮುಂದೆ ಚಪ್ಪಲಿಯೇ! ಅತ್ತೆ ನನ್ನ ಬರಿಗಾಲನ್ನು ನೋಡಿ ಒಳಗೆ ಹೋದರು. ಬೈಗುಳಕ್ಕಿಂತ ಅವರ ಆ ನೋಟವೇ ನನಗೆ ಹೆಚ್ಚು ಹೆದರಿಕೆ.

ಸಂಜೆ ಚಹಾ ಮಾಡಲು ಹೋದರೆ ಒಲೆಯ ಮುಂದೆ ಅತ್ತೆ ಪೂಜೆಗೆ ಕೂರುವ ಮಣೆ ಇತ್ತು. ಯಾರಿಗೂ ಮುಟ್ಟಗೊಡದ ಮಣೆ.

ಅತ್ತೆ ಹಿಂದಿನಿಂದ ಬಂದು ಹೇಳಿದರು: "ಒಣಾ ಕಟಗಿ ಐತಿ, ಇದರ ಮ್ಯಾಲ ನಿಂದ್ರು. ಮೊದಲ ಬಟನ್ ಆರಸು, ಆಮ್ಯಾಲ ಪಾತ್ರಿ ಮುಟ್ಟು."

"ನಿಮ್ಮ ಪೂಜಾಕ್ಕ ಏನ್ರೀ, ಅತ್ತಿ?"

"ನೆಲಾ ಐತಲ್ಲ."

ಕಾಲಿಡಲು ಮನಸ್ಸು ಬರಲಿಲ್ಲ. ಅತ್ತೆಯೇ ನನ್ನ ತೋಳು ಹಿಡಿದು ಹತ್ತಿಸಿದರು.