ಅತ್ತೆಯ ಎದೆಕವಚ

ಅತ್ತೆ,

ನಾನು ಮೈದಾನಕ್ಕೆ ಮೊದಲೇ ಹೊರಟೆ. ಇವತ್ತೂ ವೇಷ ಹಾಕಿ ಆಡುವ ಯುದ್ಧದಾಟಕ್ಕೆ ಎಲ್ಲರ ಕವಚ ತಪಾಸಣೆ ಮಾಡುವವಳು ನಾನೇ. ನಿಮ್ಮ ಕವಚ ಹೊಲಿಗೆ ಮಿಷನ್ನಿನ ಮೇಲಿದೆ.

ಹೋದ ಸಲ "ಮನೆಯವಳು ಅಂತಾನೂ ನೋಡದೆ ಎಲ್ಲರ ಮುಂದೆ ನನ್ನ ಹೊರಗೆ ಹಾಕಿದ್ಯಲ್ಲ" ಅಂತ ಮುಖ ಊದಿಸಿಕೊಂಡಿರಿ. ತಗಡಿನ ಅಂಚು ಚೂಪಾಗಿತ್ತು ಅತ್ತೆ, ಯಾರಿಗಾದರೂ ತಗುಲಿದ್ದರೆ ಕೈ ಸೀಳಿಹೋಗುತ್ತಿತ್ತು. ನಿನ್ನೆ ಕೂತು ಅಂಚನ್ನೆಲ್ಲ ಒಳಕ್ಕೆ ಮಡಚಿ, ಮೇಲೆ ಹಳೇ ಬೆಲ್ಟಿನ ಚರ್ಮ ಹೊಲಿದಿದ್ದೇನೆ. ನಿಮ್ಮ ಮಗ ಕೈಯಾಡಿಸಿ ನೋಡಿ, "ಈಗ ಅಮ್ಮನ ಬಾಯಿಯೊಂದೇ ಚೂಪು" ಅಂದರು. ಅವರನ್ನು ನೀವೇ ವಿಚಾರಿಸಿಕೊಳ್ಳಿ.

ತಗಡಿನ ಕವಚ ಮೂರು ಏಟು ತಡೆಯುತ್ತದೆ ಎಂಬುದು ಆಟದ ನಿಯಮ. ನಾಲ್ಕನೆಯದು ಬಿದ್ದ ಕೂಡಲೇ ದಯವಿಟ್ಟು ಸತ್ತುಬಿಡಿ. ಅತ್ತೆಗೆ ಹೀಗೆ ಬರೆಯುವ ಸೊಸೆ ಊರಿಗೆಲ್ಲ ನಾನೊಬ್ಬಳೇ ಇರಬೇಕು. ಆದರೆ ನೀವು "ನಂಗೆ ತಾಗ್ಲೇ ಇಲ್ಲ" ಅಂತ ವಾದಕ್ಕೆ ನಿಂತರೆ ಆಟ ಮುಂದಕ್ಕೇ ಹೋಗುವುದಿಲ್ಲ.

ತಲೆಗೆ ಸ್ಟೀಲ್ ಬೋಗುಣಿ ಕವುಚಿಕೊಂಡು ಬರಬೇಡಿ. ಅದನ್ನು ನಾನು ಒಪ್ಪುವುದಿಲ್ಲ, ಮೇಲಾಗಿ ಸಂಜೆ ಹಿಟ್ಟು ಕಲಸಲು ಬೇಕು. ಸ್ಪಂಜಿನ ಕತ್ತಿ ಬಾಗಿಲ ಹಿಂದಿದೆ. ಮಂಡಿಗೆ ಪಟ್ಟಿ ಕಟ್ಟಿಕೊಳ್ಳಿ. ಅದು ಒಂದು ಏಟನ್ನೂ ತಡೆಯುವುದಿಲ್ಲ, ಆದರೂ ಕಟ್ಟಿಕೊಳ್ಳಿ.

ಇವತ್ತು ನಿಮ್ಮೆದುರಿನ ರಾಕ್ಷಸರ ಪಡೆ ದೊಡ್ಡದಿದೆಯಂತೆ. ಅದಕ್ಕೇ ತಪಾಸಣೆ ಮುಗಿದ ಮೇಲೆ ನಾನೂ ಆಡುತ್ತೇನೆ ಎಂದು ಹೆಸರು ಕೊಟ್ಟೆ. ಯಾವ ಪಡೆ ಎಂದು ಕೇಳಿದರು. "ನಮ್ಮತ್ತೆ ಪಡೆ" ಅಂದೆ.

ಬೇಗ ಬನ್ನಿ.

ನಿಮ್ಮ ಸೊಸೆ