ಮದರಂಗಿ ಬೆರಳಿನ ಅಂಕಿ

ಜುಲೈ 12, ಸೋಮವಾರ. ಬೆಳಿಗ್ಗೆ

ಅಮಾಕ್‌ಗೆ ಆಕ್ಸಿಜನ್ 95. ನಿನ್ನೆ ಸಂಜೆ 96 ಇತ್ತು. ಜ್ವರ ಇನ್ನೂ ಬಿಟ್ಟಿಲ್ಲ. ಗಂಜಿ ಅರ್ಧ ಬಟ್ಟಲು, ಅದೂ ನಾನು ಗದರಿದ ಮೇಲೆ. ಹೆತ್ತ ತಾಯಿಯನ್ನು ಗದರುವುದು ಪಾಪ ಎಂದರು. ಗಂಜಿ ಚೆಲ್ಲುವುದೂ ಪಾಪವೇ ಎಂದೆ. ನಗಲು ಹೋಗಿ ಕೆಮ್ಮಿದರು.

ಕೊರೊನಾ ಅಂತ ಇವತ್ತಿನಿಂದ ನಮ್ಮ ಬುಕಿಟ್‌ಟಿಂಗಿ ಊರು ಪೂರ್ತಿ ಬಂದ್. ಅದಕ್ಕೂ ಮೊದಲೇ ನಿನ್ನ ಮದುವೆ ಮುಗಿಸಿದ್ದು ಒಳ್ಳೆಯದಾಯಿತು ಎಂದು ಸ್ಯಾವಿರ್ ಮಾಮ ಮತ್ತೆ ಫೋನ್ ಮಾಡಿ ಹೇಳಿದರು. ಅಮಾಕ್‌ನ ತಮ್ಮ, ಮನೆತನದ ಹಿರಿಯ. ದಿನ ಗೊತ್ತುಮಾಡಿದ್ದೂ ಅವರೇ, ಹೊಗಳಿಕೊಳ್ಳುವುದೂ ಅವರೇ.

ಆಕ್ಸಿಮೀಟರ್ ಹಾಕುವ ಕೆಲಸ ನನ್ನ ಗಂಡ ಜಾಲ್‌ನದು. ನಮ್ಮ ಪದ್ಧತಿಯಂತೆ ಹೆಣ್ಣಿನ ಮನೆಗೇ ಅಳಿಯನಾಗಿ ಬಂದು ವಾರ ಕಳೆದಿದೆ, ಅಷ್ಟೇ. ತಂದ ಪೆಟ್ಟಿಗೆಯಲ್ಲಿ ನಾಲ್ಕು ಶರ್ಟು, ಒಂದು ಪ್ರಾರ್ಥನೆಯ ಚಾಪೆ, ಈ ಆಕ್ಸಿಮೀಟರ್. ಏನು ನಾಜೂಕು! ಅಮಾಕ್‌ನ ಕೈಯನ್ನು ತನ್ನ ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡುತ್ತಾನೆ. ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಾನೆ. ಮಾತಾಡಬೇಡಿ ಎನ್ನುತ್ತಾನೆ. ಅಂಕಿ ಕುಣಿಯುವುದು ನಿಂತ ಮೇಲೆಯೇ ಓದುತ್ತಾನೆ.

“ಮೊಬೈಲ್ ರಿಪೇರಿಯವನನ್ನ ತಂದ್ವಿ ಅಂದ್ಕೊಂಡಿದ್ದೆ ಕಣೆ ನೆಲ್ದಾ. ಡಾಕ್ಟರೇ ಸಿಕ್ಕಿದಾನೆ,” ಎಂದರು ಅಮಾಕ್. ಮದುವೆಯ ದಿನ ಅವನಿಗೆ ಕೊಟ್ಟ ಬಿರುದು ಸುತಾನ್ ಮಾರಾಜೊ. ಅಮಾಕ್ ಬಾಯಲ್ಲಿ ಅವನು ಬರೀ ಸುತಾನ್. ಕರೆಯುವಾಗ ಮುಖ ಅರಳುತ್ತದೆ. ನನಗೂ ಹೆಮ್ಮೆ, ಸುಳ್ಳು ಯಾಕೆ ಬರೆಯಲಿ.

ಜುಲೈ 13. ಮಧ್ಯಾಹ್ನ

93. ಗಂಟಲು ಕೆರೆತ ನನಗೂ. ಶುಂಠಿ ಕುದಿಸಿ ಎಲ್ಲರೂ ಕುಡಿದೆವು.

ಅಮಾಕ್‌ಗೆ ವಾಸನೆ ಗೊತ್ತಾಗುತ್ತಿಲ್ಲ. ಒಗ್ಗರಣೆ ಸೀದರೂ ಸುಮ್ಮನೆ ಮಲಗಿದ್ದರು. ಬೇರೆ ದಿನವಾಗಿದ್ದರೆ ನನ್ನ ಜನ್ಮ ಜಾಲಾಡುತ್ತಿದ್ದರು. ಮದುವೆಯ ಅಡುಗೆ ನೆನಪಾಯಿತು... ರೆಂದಾಂಗ್ ತಳ ಹಿಡಿದು, ಮಾಂಸವೆಲ್ಲ ಸುಟ್ಟ ವಾಸನೆ. ಅಡುಗೆಯವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಜಾಲ್ ಒಬ್ಬ ಚೆನ್ನಾಗಿದೆ ಎಂದು ಇನ್ನೊಮ್ಮೆ ಹಾಕಿಸಿಕೊಂಡ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹೆಂಡತಿ ಏನು ಬೇಯಿಸಿದರೂ ತಿನ್ನುವ ಗಂಡು, ನಿನ್ನ ಅದೃಷ್ಟ ಎಂದರು.

ಜುಲೈ 15. ಬೆಳಿಗ್ಗೆ

89.

ಎರಡು ಸಲ ಹಾಕಿಸಿದೆ. ಮತ್ತೆ 89. ಆರೋಗ್ಯ ಕೇಂದ್ರದ ಯುಸ್ನಿಗೆ ಫೋನ್ ಮಾಡಿದೆ. ತೊಂಬತ್ಮೂರಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆ, ಗಾಡಿ ಕಳಿಸಲಾ ಎಂದಳು. ಜಾಲ್ ಫೋನ್ ಇಸಿದುಕೊಂಡ. “ಸಿಸ್ಟರ್, ಹತ್ತೂ ಉಗುರಿಗೆ ಮದರಂಗಿ ಇದೆ. ಬೆಳಕು ಒಳಗೆ ಹೋಗಲ್ಲ, ಅದಕ್ಕೇ ಕಮ್ಮಿ ತೋರಿಸ್ತಿದೆ. ಇದನ್ನ ನಾನು ಚೆನ್ನಾಗಿ ನೋಡಿದೀನಿ.” ಉಗುರುಬಣ್ಣಕ್ಕೆ ಹಾಗಾಗುವುದುಂಟು, ಮದರಂಗಿ ಗೊತ್ತಿಲ್ಲ, ನೋಡಿಕೊಳ್ಳಿ ಎಂದಳಂತೆ.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೌದಲ್ಲ, ಮದರಂಗಿ! ಮದುವೆಯ ಹಿಂದಿನ ಸಂಜೆ ಮನೆಯ ಹೆಂಗಸರೆಲ್ಲ ಕೂತು ನನ್ನ ಉಗುರಿಗೆ ಒಬ್ಬೊಬ್ಬರಾಗಿ ಹಚ್ಚಿದರು. ಬಟ್ಟಲಲ್ಲಿ ಮಿಕ್ಕಿತ್ತು. ಇರುವವಳು ಒಬ್ಬಳೇ ಮಗಳು, ನನಗೂ ಹಚ್ಚಿ ಎಂದು ಅಮಾಕ್ ಹತ್ತೂ ಬೆರಳು ಚಾಚಿದ್ದರು. ಈ ವಯಸ್ಸಿಗೆ ಮದುವಣಗಿತ್ತಿ ಆಗ್ತೀಯಾ ಎಂದು ಚಿಕ್ಕಮ್ಮ ಛೇಡಿಸಿದ್ದಳು.

ಜುಲೈ 16. ಸಂಜೆ

87. ಮದರಂಗಿ ಅಂತಾನೆ.

ನಿಂಬೆಹಣ್ಣು, ಉಪ್ಪು, ಸೋಪಿನ ಪುಡಿ ಎಲ್ಲ ಹಾಕಿ ಉಜ್ಜಿದೆ. ಚರ್ಮ ಕೆಂಪಾಯಿತು, ಉಗುರಿನ ಬಣ್ಣ ಹಾಗೇ ಇದೆ. ಅಮಾಕ್ ಕಣ್ಣು ಮುಚ್ಚಿಕೊಂಡೇ “ಬಿಡೇ... ಉಗುರು ಬೆಳೆದೇ ಹೋಗ್ಬೇಕು ಅದು,” ಎಂದರು. ಅಷ್ಟು ಹೇಳುವಷ್ಟರಲ್ಲಿ ಮೂರು ಸಲ ಉಸಿರು ತೆಗೆದುಕೊಂಡರು.

ಗಾಡಿ ಕರೆಸೋಣವಾ ಎಂದು ಕೇಳಿದೆ. ಜಾಲ್ ಕಿಟಕಿಯ ಕಡೆ ನೋಡುತ್ತಾ ಮಾತಾಡಿದ. ಗಾಡಿ ಬಂದರೆ ಮನೆಯವರಿಗೆಲ್ಲ ಟೆಸ್ಟ್, ಬಾಗಿಲಿಗೆ ಚೀಟಿ, ಬೀದಿಯವರ ಬಾಯಿ. ಆಸ್ಪತ್ರೆಗೆ ಹೋದವರು ಹೆಣವಾಗಿ ಬರುತ್ತಿದ್ದಾರೆ. ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ ಎಂದ. ಸರಿ ಎಂದೆ. ಇಷ್ಟೆಲ್ಲ ತಿಳಿದವನು ಹೇಳುತ್ತಿದ್ದಾನೆ ಎಂದುಕೊಂಡೆ.

ಜುಲೈ 17, ಶನಿವಾರ. ಮಧ್ಯಾಹ್ನ

ಬರೆಯಲೇಬೇಕು. ಇಲ್ಲದಿದ್ದರೆ ಏನಾದರೂ ಒಡೆದುಹಾಕುತ್ತೇನೆ.

ಬೆಳಿಗ್ಗೆ ಜಾಲ್ ಮಾತ್ರೆ ತರಲು ಹೋಗಿದ್ದ. ಅಮಾಕ್‌ಗೆ 84. ತುಟಿ ನೇರಳೆ ಬಣ್ಣ. ಆಕ್ಸಿಮೀಟರ್ ಕೈಯಲ್ಲಿತ್ತು. ಸುಮ್ಮನೆ ನನ್ನ ಬೆರಳಿಗೆ ಹಾಕಿಕೊಂಡೆ. ಅದೇ ಬಟ್ಟಲಿನ ಮದರಂಗಿ, ನನ್ನದು ಇನ್ನೂ ಗಾಢ... 97. ಇನ್ನೊಂದು ಬೆರಳಿಗೆ ಹಾಕಿದೆ. 97. ಹತ್ತಕ್ಕೂ ಹಾಕಿದೆ. ಒಂದೇ ಒಂದು ಬೆರಳೂ ಕಮ್ಮಿ ತೋರಿಸಲಿಲ್ಲ.

ಇಷ್ಟು ದಿನ ಈ ಬುದ್ಧಿ ಎಲ್ಲಿ ಹೋಗಿತ್ತು ನನಗೆ? ಮೊದಲು ಯುಸ್ನಿಗೆ ಫೋನ್ ಮಾಡಿದೆ. ಗಾಡಿ ಹೊರಟಿತು. ಅಷ್ಟರಲ್ಲಿ ಇವನು ಬಂದ. ಗಂಡಿನ ಮನೆಯಲ್ಲೂ ಮದರಂಗಿ ಹಚ್ಚಿದ್ದರು, ಅವನ ಕಿರುಬೆರಳು ಇನ್ನೂ ಕೆಂಪು. ಆ ಬೆರಳು ಕೊಡು ಎಂದೆ. ಕೊಡಲಿಲ್ಲ. ಹಿಂದಕ್ಕೆ ಎಳೆದುಕೊಂಡ.

“ಹಾಕಿ ನೋಡಿದೀಯ ಅಲ್ವಾ?” ಎಂದೆ. “ಈ ಕೆಂಪು ಬೆರಳಿಗೇ ಹಾಕಿ ನೋಡಿದೀಯ. ಎಷ್ಟು ಬಂತು?”

“ತೊಂಬತ್ತೇಳು.”

“ಯಾವಾಗ?”

“ಮದುವೆ ದಿನ. ಬೆಳಿಗ್ಗೆ.”

ಮದುವೆಯ ದಿನ ಬೆಳಿಗ್ಗೆ ಮದುಮಗ ಆಕ್ಸಿಮೀಟರ್ ಯಾಕೆ ಹಾಕಿಕೊಳ್ಳುತ್ತಾನೆ? ಕೇಳಬೇಕಾಗಲಿಲ್ಲ. ಗೋಡೆಗೆ ಒರಗಿ ಕೂತು ತಾನೇ ಹೇಳಿದ. ಮದುವೆಗೆ ಮುಂಚಿನ ವಾರ ಜ್ವರ. ಟೆಸ್ಟ್ ಪಾಸಿಟಿವ್. ಅವನ ತಾಯಿಗೂ ಗೊತ್ತು. ಆಕ್ಸಿಮೀಟರ್ ತಂದಿದ್ದೇ ಅವನಿಗಾಗಿ. ಜ್ವರ ಬಿಟ್ಟಿತು, ಅಂಕಿ ಚೆನ್ನಾಗಿದೆ, ಇನ್ನೇನು ಎಂದು ಹೊರಟು ಬಂದರಂತೆ. ಸುಟ್ಟ ರೆಂದಾಂಗ್ ಅವನಿಗೆ ಯಾಕೆ ರುಚಿಯಾಗಿತ್ತೆಂದು ಆಗ ಹೊಳೆಯಿತು.

“ಮುಂದಕ್ಕೆ ಹಾಕಿದ್ರೆ ಊರು ಬಂದ್ ಆಗಿಬಿಡ್ತಿತ್ತು ನೆಲ್ದಾ. ನಿನ್ನ ಕಳ್ಕೊಳ್ತಿದ್ದೆ.”

“ಮದುವೆದು ಬಿಡು. ಮೊನ್ನೆ ಯಾಕೆ ಮದರಂಗಿ ಅಂದೆ?”

ಕಿರುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಟೆಸ್ಟಿನವರು ಬಂದರೆ ಹಳೆಯದೆಲ್ಲ ಹೊರಬರುತ್ತದೆ ಎಂಬ ಭಯ ಅವನಿಗೆ. ಅದಕ್ಕಾಗಿ ನನ್ನ ತಾಯಿಯ ಕೈ ಹಿಡಿದು, ಬೆಚ್ಚಗೆ ಉಜ್ಜಿ, ಅಂಕಿ ಓದಿ, ಅದು ಸುಳ್ಳು ಎಂದು ಹೇಳಿದ. ಎರಡು ದಿನ.

ಗಾಡಿ ಬಂತು. ಹೊರಡುವಾಗಲೂ ಅಮಾಕ್ ಅವನ ಕಡೆಗೇ ಕೈ ಬೀಸಿದರು. ಗಾಡಿ ತಿರುವು ದಾಟಿದ ಮೇಲೆ ಅವನ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗೆ ಇಟ್ಟೆ. ಇದು ನನ್ನ ತಾಯಿಯ ಮನೆ. ಎತ್ತಿಕೊಂಡು ಹೋದ.

ಜುಲೈ 18

ನಾನೂ ಪಾಸಿಟಿವ್. ಮನೆ ಬಿಟ್ಟು ಹೊರಗೆ ಬರುವಂತಿಲ್ಲ. ಬಾಗಿಲಿಗೆ ಚೀಟಿ ಅಂಟಿಸಿದರು.

ಅತ್ತೆ ಫೋನ್ ಮಾಡಿದ್ದರು. ಎರಡು ದಿನದ ಜ್ವರ ಅದು, ಈ ಕಾಲದಲ್ಲಿ ಯಾರಿಗೆ ಬಂದಿಲ್ಲ, ಗಂಡನನ್ನು ಹೊರಗೆ ಹಾಕಿದ್ದು ಸರಿಯಲ್ಲ ಎಂದರು. ನನ್ನ ತಾಯಿಗೆ ಎರಡು ದಿನಕ್ಕೆ ಹೋಗಲಿಲ್ಲವಲ್ಲ ಎಂದೆ. ವಯಸ್ಸಾದವರಲ್ಲವೇ ಎಂದರು. ಇಟ್ಟುಬಿಟ್ಟೆ. ಇನ್ನೊಂದು ಕ್ಷಣ ಇದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ.

ಜುಲೈ 20. ಬಕ್ರೀದ್ ಹಬ್ಬ

ಮಸೀದಿಯಿಂದ ತಕ್ಬೀರ್ ಘೋಷ ಕೇಳುತ್ತಿದೆ. ಪಕ್ಕದ ಮನೆಯವರು ಬೇಲಿಯ ಮೇಲೆ ಮಾಂಸದ ಪೊಟ್ಟಣ ಇಟ್ಟು ಓಡಿದರು.

ವಾರ್ಡಿನಿಂದ ನರ್ಸ್ ಫೋನ್. ಅಮಾಕ್ ಮಾಸ್ಕ್ ಕಿತ್ತುಹಾಕುತ್ತಾರೆ, ತಿನ್ನಿಸುವವರಿಲ್ಲ, ನಮಗೆ ಕೈ ಸಾಲದು. ಪಕ್ಕದಲ್ಲಿ ಮನೆಯವರೊಬ್ಬರು ಬೇಕು. ಕಾಯಿಲೆ ಆಗಲೇ ಬಂದು ವಾಸಿಯಾದವರಾದರೆ ಮಾತ್ರ ಬಿಡುತ್ತೇವೆ ಎಂದಳು. ಸ್ಯಾವಿರ್ ಮಾಮನಿಗೆ ಸಕ್ಕರೆ ಕಾಯಿಲೆ. ಚಿಕ್ಕಮ್ಮನಿಗೂ ಈಗ ಜ್ವರ. ನಾನು ಹೀಗೆ. ವಾಸಿಯಾದವನು ನಮ್ಮ ಕಡೆ ಒಬ್ಬನೇ.

ನರ್ಸ್ ಅಮಾಕ್ ಕಿವಿಗೆ ಫೋನ್ ಹಿಡಿದಳು. “ಸುತಾನ್ ಎಲ್ಲೇ? ಅವನು... ಚೆನ್ನಾಗಿ ನೋಡ್ತಾನೆ. ಅವನನ್ನ ಕಳ್ಸು.”

ಸಂಜೆಯವರೆಗೆ ಕೂತೆ. ನನ್ನ ಮಾನ ದೊಡ್ಡದೋ, ಅಮಾಕ್‌ನ ಉಸಿರು ದೊಡ್ಡದೋ? ಕೇಳಿಕೊಳ್ಳುವುದಕ್ಕೇ ನಾಚಿಕೆಯಾಯಿತು. ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ. “ಹೋಗು. ಬೆಳಿಗ್ಗೆ ಸಂಜೆ ಅಂಕಿ ಕಳಿಸು. ಬೇರೇನೂ ಬರೀಬೇಡ,” ಎಂದೆ. ಹೂಂ ಎಂದ.

ಜುಲೈ 21

ಬೆಳಿಗ್ಗೆ 86. ಸಂಜೆ 85. ಬೇರೇನೂ ಬರೆದಿಲ್ಲ.

ನಂಬಿದೆ. ಕೆಟ್ಟ ಸುದ್ದಿಯನ್ನು ಯಾರು ಸುಳ್ಳು ಹೇಳುತ್ತಾರೆ?

ಜುಲೈ 22

ಬೆಳಿಗ್ಗೆ 83. ಸಂಜೆ ಬರಲಿಲ್ಲ. ಅನ್ನ ಸೇರಲಿಲ್ಲ. ಮಾಮ ವಾರ್ಡಿಗೆ ಫೋನ್ ಮಾಡಿ ಮಾಡಿ ಸೋತರು, ಯಾರೂ ಎತ್ತುವುದಿಲ್ಲವಂತೆ.

ಜುಲೈ 23, ಶುಕ್ರವಾರ. ಬೆಳಿಗ್ಗೆ

95.

95 ಎಂದು ಬಂದಿದೆ. ಈ ಒಂದು ಅಂಕಿಗಾಗಿ ಎಷ್ಟು ಬೇಡಿಕೊಂಡೆ, ಏನೆಲ್ಲ ಹರಕೆ ಹೊತ್ತೆ. ಬಂದಾಗ ಒಂದು ಉಸಿರಿನಷ್ಟು ಹೊತ್ತು ಕುಣಿದೆ, ನಿಜ. ಆಮೇಲೆ ಕೂತುಬಿಟ್ಟೆ. ನಿನ್ನೆ 83, ಇವತ್ತು 95. ಆಗುತ್ತದಾ ಹೀಗೆ? ಯುಸ್ನಿಯನ್ನು ಕೇಳಿದೆ. ಆಕ್ಸಿಜನ್ ಹೆಚ್ಚು ಕೊಟ್ಟರೆ ಆಗಬಹುದು, ಕಣ್ಣಾರೆ ನೋಡದೆ ಹೇಗೆ ಹೇಳಲಿ ಎಂದಳು.

ಅವನಿಗೆ ಫೋನ್ ಮಾಡಿದೆ. ಅಮಾಕ್‌ಗೆ ಕೊಡು ಎಂದೆ. “ನಿದ್ದೆ ಮಾಡ್ತಿದಾರೆ. ಈಗ ಬೇಡ,” ಎಂದ. ದನಿ ಮೆತ್ತಗಿತ್ತು. ನಿಜ ಹೇಳುತ್ತಿದ್ದೀಯಾ ಎಂದೆ. “ನಿಜ. ನೀನೊಂದು ತುತ್ತು ತಿನ್ನು ಮೊದಲು,” ಎಂದ. ಮದರಂಗಿ ಎಂದಾಗಲೂ ಹೀಗೇ ಮೆತ್ತಗೆ ಹೇಳಿದ್ದ. ನನಗೆ ಅಷ್ಟೇ ಮೆತ್ತಗೆ ನೆಮ್ಮದಿಯಾಗಿತ್ತು.

ಅಳಬೇಕೋ, ಅಡುಗೆಗೆ ಏಳಬೇಕೋ ತಿಳಿಯುತ್ತಿಲ್ಲ. ನನ್ನ ತಾಯಿ ಬದುಕುತ್ತಿದ್ದಾಳೆ ಎಂಬ ಸುದ್ದಿಯನ್ನೂ ನಂಬಲಾಗದ ಹಾಗೆ ಮಾಡಿಬಿಟ್ಟ. ಇದಕ್ಕೆ ಕ್ಷಮೆ ಇಲ್ಲ.

ವಿಡಿಯೋ ಕಾಲ್ ಒತ್ತಿದ್ದೇನೆ. ಫೋನ್ ದಿಂಬಿಗೆ ಒರಗಿಸಿದ್ದೇನೆ. ಎತ್ತುವವರೆಗೂ ಬರೆಯುತ್ತಿರುತ್ತೇನೆ, ಇಲ್ಲದಿದ್ದರೆ ತಲೆ ಕೆಡುತ್ತದೆ. ಎತ್ತಲಿಲ್ಲ. ಮತ್ತೆ ಒತ್ತಿದೆ. ಎತ್ತು ಜಾಲ್. ನಿನ್ನ ಮುಖ ಬೇಡ ನನಗೆ, ಅವಳ ಎದೆ ಏರಿಳಿಯುವುದನ್ನು ಮಾತ್ರ ತೋರಿಸು... ಎತ್ತಿದ. ವಾರ್ಡಿನ ಛಾವಣಿ ಕಾಣುತ್ತಿದೆ. ಬರೀ ಛಾವಣಿ. ತಿರುಗಿಸು ಅಂದೆ. “ನೆಲ್ದಾ, ಒಂದು ನಿಮಿಷ—” ಅಂತಿದ್ದಾನೆ. ತಿರುಗಿಸಿದ—