ಆ ತೊಟ್ಟಿಲ ಪದ ಹಾಡಿದವನು ನಾನಲ್ಲ

ಗ್ರಾಮೋಫೋನ್ ಕಂಪನಿಯಲ್ಲಿ ಹಾಡುಗಳ ನೋಂದಣಿ ನೋಡಿಕೊಳ್ಳುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನಗೆ ಹಾಡಲು ಬರುವುದಿಲ್ಲ. ಇದನ್ನು ಪತ್ರಿಕೆಯಲ್ಲಿ, ಊರು ಹೆಸರು ಸಮೇತ, ನಾಲ್ಕು ತಾಲೂಕಿನ ಜನರ ಮುಂದೆ ಹೇಳಿಕೊಳ್ಳುವ ಗತಿ ತಮ್ಮ ಕೃಪೆಯಿಂದ ನನಗೆ ಬಂದಿದೆ. ತಾವು ಹೋದ ವರ್ಷ ಹೊರತಂದ ರಿಕಾರ್ಡಿನ ಮೇಲೆ ‘ಗಾಯಕರು: ಗುರಲಿಂಗಪ್ಪ, ಇಂಗಳೇಶ್ವರ’ ಎಂದು ಅಚ್ಚಾಗಿದೆ. ಆ ಗುರಲಿಂಗಪ್ಪ ನಾನೇ. ಆದರೆ ರಿಕಾರ್ಡಿನ ಮೇಲೆ ಮುಳ್ಳು ಇಟ್ಟೊಡನೆ ಕೇಳುವ ದನಿ ನನ್ನ ಹೆಂಡತಿ ಕಸ್ತೂರೆವ್ವನದು. ಅವಳ ಹಿಂದೆ ಸೊಲ್ಲು ಹಿಡಿಯುವ ದನಿ ನಮ್ಮ ನೆರೆಮನೆಯ ಜೋಹರಾಬಿಯದು. ಪದ ಕಟ್ಟಿದವಳೂ ಜೋಹರಾಬಿಯೇ. ಹೆಂಗಸಿನ ದನಿಗೆ ಮೀಸೆ ಅಂಟಿಸಿ ಮಾರುಕಟ್ಟೆಗೆ ಬಿಡುವ ಮೊದಲು ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಆ ರಿಕಾರ್ಡನ್ನು ಕೇಳಿದ್ದರೇ? ಅಥವಾ ಹಾಡುಗಳನ್ನು ದಾಖಲು ಮಾಡುವವರಿಗೆ ಹಾಡು ಕೇಳುವ ಅಧಿಕಾರವಿಲ್ಲವೇ?

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಇಂಡಿಯಿಂದ ಹೊರಟು ಸಿಂದಗಿ, ಬಸವನಬಾಗೇವಾಡಿ ಹಾದು ಮುದ್ದೇಬಿಹಾಳ ಮುಟ್ಟುವ ಗಾಡಿ ನನ್ನದು. ನನ್ನ ಬಾಯಿಂದ ಸುಸ್ವರವಾಗಿ ಹೊರಡುವುದು ಸೀಟಿಯೊಂದೇ, ಅದೂ ಡ್ರೈವರ್ ಸಂಗಣ್ಣನ ಕಿವಿಗೆ ಮಾತ್ರ ಸುಸ್ವರ. ಈಗ ಈ ದಾರಿಯ ಯಾವ ಸ್ಟ್ಯಾಂಡಿನಲ್ಲಿ ಇಳಿದರೂ ಹೋಟೆಲಿನವರು ನನ್ನನ್ನು ನೋಡಿದ ತಕ್ಷಣ ಆ ರಿಕಾರ್ಡು ಹಚ್ಚುತ್ತಾರೆ. ಸಾಲೋಟಗಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಟಿಕೆಟ್ ಹರಿಯುವಾಗ ನನ್ನ ಕೈ ಹಿಡಿದು, "ಅಲ್ಲೋ ತಮ್ಮಾ, ಅಷ್ಟು ಸಣ್ಣ ಹೆಣ್ಣದನಿ ಹೆಂಗ ತೆಗಿತಿ? ಗಂಟಲಿಗೆ ಏನ್ ಕುಡಿತಿ?" ಎಂದು ಕೇಳಿದಳು. ಮುದ್ದೇಬಿಹಾಳದ ಸಾವುಕಾರರೊಬ್ಬರು ಮಗಳ ಮದುವೆಗೆ ಹಾಡಲು ಕರೆಯುತ್ತ, "ಸೀರಿ ಉಟ್ಟು ಬರ್ತೀರೋ, ಹಿಂಗ ಖಾಕಿ ಮ್ಯಾಲ ಬರ್ತೀರೋ? ಪೆಂಡಾಲದಾಗ ಹೆಣ್ಮಕ್ಕಳ ಕಡೆ ಕೂಡ್ಸೂದೋ, ಗಂಡಸ್ರ ಕಡೆ ಕೂಡ್ಸೂದೋ, ಮೊದಲ ಗೊತ್ತಾಗ್ಬೇಕಲ್ರಿ" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ವ್ಯವಸ್ಥೆಯ ಮನುಷ್ಯ, ತಮ್ಮ ಕಚೇರಿಗೆ ಅಂಥವರೊಬ್ಬರು ಬೇಕಾಗಿದ್ದಾರೆ.

ನಗುವ ಮಾತು ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಈ ಪದಕ್ಕೆ ಒಂದು ಹಿನ್ನೆಲೆ ಇದೆ. ತಮ್ಮ ದಾಖಲೆಯಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಇಲ್ಲಿ ಬರೆಯುತ್ತೇನೆ.

ನಮ್ಮ ಹಿರಿಯ ಮಗಳು ಹುಟ್ಟಿದಾಗ ಕಸ್ತೂರೆವ್ವನಿಗೆ ಬಾಣಂತಿ ಜ್ವರ ಏರಿತು. ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಕೂಸು ಅಳುವುದನ್ನು ನಿಲ್ಲಿಸುತ್ತಿರಲಿಲ್ಲ. ನಾನು ಕೈಕಾಲು ಬಿಟ್ಟು ಕಟ್ಟೆಯ ಮೇಲೆ ಕುಳಿತಿದ್ದೆ. ಆಗ ಜೋಹರಾಬಿ ತನ್ನ ಮಗ ಮಶಾಕಸಾಬನನ್ನು ಕಂಕುಳಲ್ಲಿ ಇಟ್ಟುಕೊಂಡೇ ನಮ್ಮ ಮನೆಗೆ ಬಂದಳು. ಅವನಿಗೆ ಕುಡಿಸುತ್ತಿದ್ದ ಹಾಲನ್ನು ನಮ್ಮ ಕೂಸಿಗೂ ಕುಡಿಸಿದಳು. ಜ್ವರ ಇಳಿಯುವವರೆಗೆ ತನ್ನ ಮನೆಯ ಒಲೆ ಅತ್ತೆಗೆ ಬಿಟ್ಟು ನಮ್ಮ ತೊಟ್ಟಿಲ ಪಕ್ಕದಲ್ಲೇ ಇದ್ದಳು. ತೂಗುತ್ತ ತೂಗುತ್ತ ಅವಳು ಕಟ್ಟಿದ ಪದ ಇದು:

ಸೀತನಿಯಂಥ ಕೂಸ, ಸಣ್ಣಗ ಅಳಬ್ಯಾಡ
ಅವ್ವನ ಜ್ವರ ಇಳಿಯಲಿ

ಕಸ್ತೂರೆವ್ವ ಕಣ್ಣು ಬಿಟ್ಟಾಗ ಕೇಳಿದ ಮೊದಲ ಸಪ್ಪಳ ಆ ಪದದ್ದು. ಎದ್ದು ಕೂಡುವಂತಾದ ಮೇಲೆ ತಾನೂ ಕಲಿತಳು. ಜೋಹರಾಬಿಯದು ಕಟ್ಟುವ ಬುದ್ಧಿ, ಕಸ್ತೂರೆವ್ವನದು ಏರುವ ದನಿ. ಅಂದಿನಿಂದ ನಮ್ಮೂರಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಇಬ್ಬರಿಗೂ ಕರೆ ಬರುತ್ತಿತ್ತು.

ತಮ್ಮವರು ಹಳ್ಳಿಯ ಹಾಡು ರಿಕಾರ್ಡಿಗೆ ತುಂಬಿಕೊಳ್ಳಲು ಬಿಜಾಪುರಕ್ಕೆ ಬಂದಾಗ ನಾನೇ ಇಬ್ಬರನ್ನೂ ಕರೆದುಕೊಂಡು ಹೋದೆ. ಹಾಡು ಮುಗಿದ ಮೇಲೆ ತಮ್ಮ ಗುಮಾಸ್ತರು ಒಂದು ಫಾರ್ಮು ಕೊಟ್ಟರು. ಹಾಡಿದವರು ಎಂಬಲ್ಲಿ ಕಸ್ತೂರೆವ್ವ, ಜೊತೆಗೆ ಹಾಡಿದವರು ಹಾಗೂ ಕಟ್ಟಿದವರು ಎಂಬಲ್ಲಿ ಜೋಹರಾಬಿ, ಗಂಡನ ಹೆಸರು ಎಂಬಲ್ಲಿ ನಾನು. ದುಂಡಗೆ ಬರೆದು, ಓದಿ ಹೇಳಿ, ಇಬ್ಬರ ಹೆಬ್ಬೆಟ್ಟು ಒತ್ತಿಸಿದೆ. ಆಮೇಲೆ ತಿಳಿದದ್ದೆಂದರೆ, ಆ ಫಾರ್ಮು ಬಿಜಾಪುರಕ್ಕೆ ಮಾತ್ರ ಸೀಮಿತ. ತಮ್ಮ ದೊಡ್ಡ ಕಚೇರಿಯ ಫಾರ್ಮು ಬೇರೆ. ಅದರಲ್ಲಿ ಇರುವುದು ಒಂದೇ ಹೆಸರಿಗೆ ಜಾಗ. ಹಾಡಿನ ಪುಸ್ತಕ ಅಚ್ಚು ಮಾಡುವವರದು ಇನ್ನೂ ಬೇರೆ. ಒಂದರಿಂದ ಇನ್ನೊಂದಕ್ಕೆ ಇಳಿಸುವಾಗ ಗಂಡನು ಗಾಯಕನಾದ. ಸೀತನಿ, ಅಂದರೆ ಸುಟ್ಟು ತಿನ್ನುವ ಎಳೆ ಜೋಳದ ತೆನೆ, ಎಂಬ ಮಾತು ಕಂಡು ತೊಟ್ಟಿಲ ಪದ ‘ಸುಗ್ಗಿಯ ಹಾಡು’ ಆಯಿತು. ಪುಸ್ತಕದಲ್ಲಿ ಅದೇ ಪದ ಬೇರೆ ತಲೆಬರಹ ಹೊತ್ತು, ‘ಶ್ರೀಮತಿ ಗುರಲಿಂಗಮ್ಮ’ ಎಂಬ, ಇನ್ನೂ ಹುಟ್ಟದ ಹೆಂಗಸಿನ ಹೆಸರಿನಲ್ಲಿದೆ. ತಮ್ಮ ಚೀಟಿಯನ್ನು ನಂಬಿದ ರೇಡಿಯೊದವರು ಅದನ್ನು ರೈತರ ಕಾರ್ಯಕ್ರಮದಲ್ಲಿ ಹಚ್ಚುತ್ತಾರೆ. ಜೋಳದ ಕಾಡಿಗೆ ರೋಗಕ್ಕೆ ಔಷಧ ಹೇಳಿ ಮುಗಿಸಿ, ಹೊಲದಲ್ಲಿ ದುಡಿದು ಬಂದವರನ್ನು ಮಲಗಿಸಿಬಿಡುತ್ತಾರೆ.

ಇನ್ನು ಕಟ್ಟಿದವರು? ಅಲ್ಲಿ ‘ಪರಂಪರಾಗತ’ ಎಂದಿದೆ. ಈಗ ಮದುವೆಯಾಗಿ ಸಂಸಾರಸ್ಥನಾಗಿರುವ ಮಶಾಕಸಾಬ ಅದನ್ನು ತಾಯಿಗೆ ಓದಿ ಹೇಳಿದಾಗ ನಾನು ಅಲ್ಲೇ ಇದ್ದೆ.

"ಹಂಗಂದ್ರ ಯಾರೋ?" ಎಂದು ಜೋಹರಾಬಿ ಕೇಳಿದಳು.

"ಯಾರೂ ಅಲ್ಲಬೇ. ಹಿಂದಿನಿಂದ ಬಂದದ್ದು ಅಂತ."

"ಹಿಂದಿನಿಂದ ಬಂದದ್ದಾದ್ರ ಆ ಹೊತ್ತು ತೊಟ್ಟಿಲ ಮುಂದ ಕುಂತಾಕಿ ಯಾರು?"

ಅದಕ್ಕೆ ಉತ್ತರ ತಮ್ಮಲ್ಲಿ ಇದೆಯೇ, ಮಾನ್ಯರೇ? ಅವಳು ಜಗಳ ಆಡಲಿಲ್ಲ. ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ರಿಕಾರ್ಡಿನ ಮೇಲೆ ಇರುವುದು ನಮ್ಮ ಮನೆಯವರ ಹೆಸರು ಎಂದಷ್ಟೇ ಅವಳಿಗೆ ಗೊತ್ತು. ತನ್ನದು ಎಲ್ಲೂ ಇಲ್ಲ. ಅವಳು ಬೇರೆ ಏನು ತಿಳಿಯಬೇಕಿತ್ತು? ಕಸ್ತೂರೆವ್ವ ಎರಡು ಸಲ ಹೋಗಿ ಬಾಗಿಲಲ್ಲೇ ನಿಂತು ಬಂದಳು. ಆಮೇಲೆ ಹಾಡುವುದನ್ನೇ ನಿಲ್ಲಿಸಿದಳು. ರೊಟ್ಟಿ ಬಡಿಯುವಾಗಲೂ ಗುನುಗುತ್ತಿದ್ದವಳು ಅವಳು. ಯಾಕೆಂದು ಕೇಳಿದರೆ, "ನೀವ ಹಾಡ್ರಿ. ರಿಕಾರ್ಡಿನ್ಯಾಗ ನಿಮ್ಮ ಹೆಸರ ಐತಲ್ಲ" ಎಂದಳು. ಮಾನ್ಯರೇ, ತಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹೇಳಿದರೆ ತಾವು ಆ ದಿನ ಊಟ ಮಾಡುತ್ತೀರಾ? ನಾನು ಮಾಡಲಿಲ್ಲ.

ತಿದ್ದಿಕೊಡಿರೆಂದು ತಮಗೆ ಬರೆದೆ. ‘ಗಾಯಕರಾದ ಗುರಲಿಂಗಪ್ಪನವರ ಲಿಖಿತ ಒಪ್ಪಿಗೆ ಇಲ್ಲದೆ ಹೆಸರು ಬದಲಿಸಲಾಗದು’ ಎಂದು ತಮ್ಮ ಉತ್ತರ ಬಂತು. ಆ ಗುರಲಿಂಗಪ್ಪ ನಾನೇ, ನಾನು ಗಾಯಕನಲ್ಲ, ನನ್ನ ಒಪ್ಪಿಗೆ ಇದೆ ಎಂದು ಬರೆದು ಸಹಿ ಹಾಕಿದೆ. ‘ತಾವು ಗಾಯಕರಲ್ಲವೆಂದು ತಾವೇ ಒಪ್ಪಿಕೊಂಡಿರುವುದರಿಂದ ಒಪ್ಪಿಗೆ ಕೊಡುವ ಹಕ್ಕು ತಮಗಿಲ್ಲ’ ಎಂದು ಬರೆದಿರಿ. ಇಷ್ಟು ಚೊಕ್ಕ ತರ್ಕ ಮಾಡುವ ತಲೆ ತಮ್ಮ ಕಚೇರಿಯಲ್ಲಿ ಇದೆಯೆಂದಾದರೆ, ತೊಟ್ಟಿಲಿಗೂ ಕಣಕ್ಕೂ ವ್ಯತ್ಯಾಸ ಗೊತ್ತಾಗದೆ ಹೋದದ್ದು ಹೇಗೆ?

ಹೋದ ತಿಂಗಳು ಮಶಾಕಸಾಬನಿಗೆ ಹೆಣ್ಣು ಮಗು ಆಯಿತು. ತೊಟ್ಟಿಲಲ್ಲಿ ಹಾಕುವ ದಿನ ನಮ್ಮ ಮನೆಗೆ ಕರೆ ಬರಲಿಲ್ಲ. ಕಸ್ತೂರೆವ್ವ ಹೊತ್ತೇರುವವರೆಗೆ ಕಾಯ್ದಳು. ನಂತರ ಇಳಕಲ್ ಸೀರೆ ಉಟ್ಟು, ಕುಬುಸದ ಬಟ್ಟೆ ಕೈಯಲ್ಲಿ ಹಿಡಿದು, "ಕರೀದಿದ್ರೇನಾತು, ನನ್ನ ಮಗಳಿಗೆ ಹಾಲು ಕುಡಿಸಿದಾಕಿ ಮನಿ. ನಡೀರಿ" ಎಂದಳು. ಅಲ್ಲಿ ಹೆಂಗಸರು ತುಂಬಿದ್ದರು.  ನಾನು ಹೊರಗೆ ಗಂಡಸರ ನಡುವೆ ಕಿಟಕಿಗೆ ಬೆನ್ನು ಹಚ್ಚಿ ಕುಳಿತೆ. ಯಾರೋ ಮುದುಕಿ, "ಪದ ಹಾಡ್ರೆವ್ವಾ, ಕೂಸು ಕಾಯಾಕತ್ತೈತಿ" ಎಂದಳು.

ಕಸ್ತೂರೆವ್ವನ ದನಿ ಕೇಳಿತು. "ಈ ಪದ ಕಟ್ಟಿದಾಕಿ ಜೋಹರಾ. ನನ್ನ ಬಾಯಾಗ ಇದ್ದದ್ದು ಅಷ್ಟ. ಆಕಿ ಹೂಂ ಅಂದ್ರ ಹಾಡ್ತೇನಿ, ಇಲ್ಲಾಂದ್ರ ಕುಬುಸ ಕೊಟ್ಟು ಹೋಗ್ತೇನಿ."

ಜೋಹರಾಬಿ ಕೇಳಿದಳು. "ಅವರು ಬರದದ್ದು ನೀನು ಬರಸಿದ್ದೇನು?"

"ನಿನ್ನ ಹೆಸರ ಮ್ಯಾಲ ನೀನ ಹೆಬ್ಬೆಟ್ಟ ಒತ್ತೀದಿಯಲ್ಲ ಜೋಹರಾ. ನನ್ನ ಹೆಸರೂ ಹೋಗೇತಿ. ಇಬ್ಬರ್ನೂ ಒರಸ್ಯಾರ."

"ನಿನ್ನ ಹೆಸರೂ ಇಲ್ಲೇನು? ಮತ್ತ ಯಾರ ಹೆಸರೈತಿ?"

"ಹೊರಗ ಕುಂತಾರಲ್ಲ, ಅವರದು."

ಒಳಗೆ ನಗು ಶುರುವಾಯಿತು. ಮೊದಲು, ನಾನಿಲ್ಲದಾಗ, ಮಶಾಕಸಾಬ ರಿಕಾರ್ಡು ನೋಡಿ ‘ಕಸ್ತೂರೆವ್ವನ ಮನೆಯವರ ಹೆಸರಿದೆ’ ಎಂದಷ್ಟೇ ಹೇಳಿದ್ದನಂತೆ; ಜೋಹರಾಬಿ ಅದರಲ್ಲಿ ಕಸ್ತೂರೆವ್ವನ ಹೆಸರೂ ಇದೆಯೆಂದು ತಿಳಿದಿದ್ದಳು. ಜೋಹರಾಬಿ, "ಬಾ, ಇಲ್ಲೆ ಕೂಡು. ಒಂದು ನುಡಿ ಹೆಚ್ಚ ಮಾಡ್ತೇನಿ, ಹಿಂದ ಸೊಲ್ಲು ಹಿಡಿ" ಎಂದಳು. ಇಬ್ಬರೂ ಹಾಡಿದರು. ಕೊನೆಗೆ ಬಂದ ಹೊಸ ನುಡಿ ಇದು:

ಇಂಗಳೇಶ್ವರದಾಗ ಜೋಹರಾ ಕಟ್ಯಾಳ
ಕಸ್ತೂರಿ ದನಿಯೆತ್ತಿ ಹಾಡ್ಯಾಳ
ಗಂಡಸು ಹಾಡಿಲ್ಲ, ನಗು ಕೂಸ

ಕೂಸು ನಕ್ಕಿತೋ ಇಲ್ಲವೋ ಕಾಣಲಿಲ್ಲ. ಕಿಟಕಿಯ ಹೊರಗಿದ್ದ ಗಂಡಸರೆಲ್ಲ ನನ್ನನ್ನು ನೋಡಿ ನಕ್ಕರು. 

ಅಧಿಕಾರಿಗಳೇ, ತಮ್ಮ ಕಚೇರಿಗಳೆಲ್ಲ ಸೇರಿ ಉಳಿಸಿಕೊಳ್ಳಲಾರದ ವಿವರಗಳನ್ನು ಜೋಹರಾಬಿ ಮೂರು ಸಾಲಿನಲ್ಲಿ ಉಳಿಸಿದಳು. ಆದರೆ ಪ್ರತಿ ಊರಿನಲ್ಲೂ ಪ್ರತಿ ಪದಕ್ಕೂ ಇಂಥ ನುಡಿ ಸೇರಿಸುತ್ತ ಕೂಡುವುದು ಹಾಡುವವರ ಕೆಲಸವೇ? ಅದಕ್ಕೆಂದು ಸಂಬಳ ತೆಗೆದುಕೊಳ್ಳುವವರು ತಾವು. ಆದ್ದರಿಂದ ಕೇಳುತ್ತೇನೆ. ರಿಕಾರ್ಡಿಗೆ, ಪುಸ್ತಕಕ್ಕೆ, ರೇಡಿಯೊಕ್ಕೆ ಒಂದೇ ಫಾರ್ಮು ಮಾಡಿರಿ. ಕಟ್ಟಿದವರು, ಹಾಡಿದವರು, ಸೊಲ್ಲು ಹಿಡಿದವರು, ಯಾವ ಊರು, ಯಾವ ಹೊತ್ತಿನ ಪದ, ಎಲ್ಲಕ್ಕೂ ಬೇರೆ ಬೇರೆ ಜಾಗ ಇಡಿರಿ. ಒಂದು ಪದಕ್ಕೆ ಒಂದೇ ನಂಬರು ಕೊಡಿರಿ, ಅದು ಎಲ್ಲಿ ಹೋದರೂ ಅದೇ ಆಗಿರಲಿ. ಕಟ್ಟಿದವರು ಬದುಕಿ ಎದುರಿಗೆ ಕುಳಿತಿರುವಾಗ ‘ಪರಂಪರಾಗತ’ ಎಂದು ಬರೆಯುವುದನ್ನು ನಿಲ್ಲಿಸಿರಿ. ನಮ್ಮ ರಿಕಾರ್ಡಿನ ಮುಂದಿನ ಅಚ್ಚಿನಲ್ಲಿ ಈ ಇಬ್ಬರ ಹೆಸರು ಬರಲಿ, ಹೊಸ ನುಡಿಯೂ ಬರಲಿ. ತುಂಬಿಕೊಳ್ಳಲು ಈ ಸಲ ತಾವೇ ಬನ್ನಿರಿ. ಅವರು ಬಿಜಾಪುರಕ್ಕೆ ಬರುವುದಿಲ್ಲ ಎಂದಿದ್ದಾರೆ. ಜೋಹರಾಬಿಯ ಪಡಸಾಲೆಯಲ್ಲಿ ಚಾಪೆ ಹಾಸಿರುತ್ತಾರೆ. ಮೊಮ್ಮಗಳು ಮಲಗಿದ್ದರೆ ಏಳುವವರೆಗೆ ತಾವು ಸುಮ್ಮನೆ ಕೂಡಬೇಕು.

ಇಂತಿ,
ತಮ್ಮ ದಾಖಲೆಯಲ್ಲಿ ಗಾಯಕ, ಪುಸ್ತಕದಲ್ಲಿ ಹೆಂಗಸು,
ಮನೆಯಲ್ಲಿ ಕಸ್ತೂರೆವ್ವನ ಗಂಡ ಮಾತ್ರ ಆಗಿರಬಯಸುವ
ಗುರಲಿಂಗಪ್ಪ
ಇಂಗಳೇಶ್ವರ, ತಾ. ಬಸವನಬಾಗೇವಾಡಿ, ೧೯೭೭